ಹಳೆಯ ಪೈಥಾನ್, ಹೊಸ ಪಾಳಿ

ಪಕ್ಕದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಬರುತ್ತಿದ್ದ ಬೇಸಿಗೆ ಅದು. ಕಾರಂಜಾ ಜಲಾಶಯದ ತಳ ಕಾಣುತ್ತಿತ್ತು. ಔರಾದ್ ಕಡೆಯ ಹಳ್ಳಿಗಳ ಜನ ಪುಣೆಗೋ ಹೈದರಾಬಾದಿಗೋ ಗಂಟುಮೂಟೆ ಕಟ್ಟುತ್ತಿದ್ದರು. ಅಷ್ಟು ದೂರ ಹೋಗಲಾರದವರು ಬೀದರಿಗೆ ಬಂದು, ಇಲ್ಲಿಯೂ ನೀರಿಲ್ಲ ಎಂಬುದನ್ನು ಖಾತ್ರಿ ಮಾಡಿಕೊಳ್ಳುತ್ತಿದ್ದರು. ಇಂಥ ಹೊತ್ತಿನಲ್ಲಿ ಶಿವರಾಜಪ್ಪ ಬರಗಾಲವನ್ನು ಕಂಪ್ಯೂಟರಿನಿಂದ ಮಣಿಸಲು ನಿರ್ಧರಿಸಿದ.

ಶಿವರಾಜಪ್ಪ ಕೊಳಾರದ ಗೋದಾಮೊಂದರಲ್ಲಿ ಸ್ಟೋರ್ ನೋಡಿಕೊಳ್ಳುವವನು. ಮನೆ ನೌಬಾದಿನ ಕಡೆಯ ಒಂದು ಕಾಲೊನಿಯಲ್ಲಿ. ಅಲ್ಲಿಗೆ ರವಿವಾರಕ್ಕೊಮ್ಮೆ ನೀರಿನ ಟ್ಯಾಂಕರ್ ಬರುತ್ತಿತ್ತು, ಅದರ ಹಿಂದೆಯೇ ಜಗಳವೂ ಬರುತ್ತಿತ್ತು. ಮೂಲೆ ಮನೆಯ ಹಣಮಂತಪ್ಪನ ಹತ್ತಿರ ಎಲ್ಲರಿಗಿಂತ ಉದ್ದದ ಪೈಪಿತ್ತು, ಪೈಪಿಗಿಂತ ಉದ್ದದ ಬಾಯಿಯಿತ್ತು. ಅವನ ಮಾಳಿಗೆಯ ಟಾಕಿಗಳು ತುಂಬಿ ಸುರಿದ ಮೇಲೆಯೇ ಉಳಿದವರ ಕೊಡಗಳಿಗೆ ಯೋಗ. ಗಂಡಸರು ಕೂಗಾಡುವುದು, ಹೆಂಗಸರು ಅರ್ಧ ಕೊಡ ಹೊತ್ತು ಒಳಗೆ ಹೋಗುವುದು, ಇದು ಕಾಲೊನಿಯ ಸಂಪ್ರದಾಯವಾಗಿತ್ತು.

"ಇನ್ನ ಜಗಳ ಬಂದ್ ಆತು ಅಂತ ತಿಳೀರಿ," ಎಂದು ಶಿವರಾಜಪ್ಪ ಬೇವಿನ ಗಿಡದ ಕಟ್ಟೆಯ ಮೇಲೆ ನಿಂತು ಸಾರಿದ. "ಪಾಳಿ ನಾವು ಹಚ್ಚಂಗಿಲ್ಲರಿ, ಕಂಪ್ಯೂಟರ್ ಹಚ್ಚತದ. ಅದಕ್ಕ ಬೀಗರಿಲ್ಲ, ಬಾಂಧವರಿಲ್ಲ."

ಈ ಧೈರ್ಯಕ್ಕೆ ಕಾರಣವಿತ್ತು. ಹಲವು ವರ್ಷಗಳ ಹಿಂದೆ ಆತ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತು, ಗೋದಾಮಿನ ದಸರಾ ಬಹುಮಾನಕ್ಕೆ ಚೀಟಿ ಎತ್ತುವ ಪ್ರೋಗ್ರಾಮು ಬರೆದಿದ್ದ. ಅಂದು ಬಿದ್ದ ಚಪ್ಪಾಳೆ ಇನ್ನೂ ಅವನ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಆ ಪ್ರೋಗ್ರಾಮಿದ್ದ ಪೆನ್ ಡ್ರೈವನ್ನು ಹೆಂಡತಿಯ ಬಂಗಾರದ ಪಕ್ಕದಲ್ಲೇ ತಿಜೋರಿಯಲ್ಲಿಟ್ಟು ಕಾಪಾಡಿಕೊಂಡು ಬಂದಿದ್ದ. ಗೋದಾಮಿನ ಹಮಾಲರ ಹೆಸರಿದ್ದಲ್ಲಿ ಕಾಲೊನಿಯ ಮನೆ ನಂಬರ್ ಹಾಕಿದರೆ ಕೆಲಸ ಮುಗಿಯಿತು.

ಶನಿವಾರ ಮಧ್ಯಾಹ್ನ ಹಾಕಿದ. ಕೆಲಸ ಮುಗಿಯಲಿಲ್ಲ. ಮನೆಯ ಕಂಪ್ಯೂಟರಿನಲ್ಲಿದ್ದದ್ದು ಹೊಸ ಪೈಥಾನ್; ಪ್ರೋಗ್ರಾಮು ಹಳೆಯ ಪೈಥಾನಿನದು. ಹಳೆಯದರಲ್ಲಿ 'ಪ್ರಿಂಟ್' ಎಂದು ಬರೆದು, ತೋರಿಸಬೇಕಾದ್ದನ್ನು ಅದರ ಮುಂದೆ ಇಟ್ಟರೆ ಸಾಕಿತ್ತು. ಹೊಸದಕ್ಕೆ ಅದನ್ನು ಕಂಸದೊಳಗೆ, ಅಂದರೆ ಬ್ರಾಕೆಟ್ಟಿನೊಳಗೆ, ಕೂಡಿಸಿ ಕೊಡಬೇಕು. ಇಲ್ಲದಿದ್ದರೆ ಮುಟ್ಟುವುದಿಲ್ಲ.

ಪಕ್ಕದಲ್ಲಿ ಜೋಳ ಹಸನು ಮಾಡುತ್ತಿದ್ದ ಹೆಂಡತಿ ಶಿವಕಾಂತಾ ಕತ್ತೆತ್ತಿ ಪರದೆ ಓದಿದಳು. ಭಾಲ್ಕಿಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. ತಪ್ಪು ಕಂಡರೆ ಸುಮ್ಮನಿರುವ ಅಭ್ಯಾಸವಿಲ್ಲ.

"ಕಂಸ ಇಲ್ಲ ಅಂತ ಅದೇ ಬಾಯಿಬಿಟ್ಟು ಹೇಳ್ಲತದಲ್ಲರಿ. ಹಾಕ್ರಿ, ಮುಗೀತು."

"ಕಂಸ ಬಂದ್ರ ಮುಗಿಯಂಗಿಲ್ಲ, ಶುರು ಆಗತದ. ಅವನ್ನ ಮುಗಸ್ಲಾಕ ಕೃಷ್ಣನೇ ಹುಟ್ಟಿ ಬರಬೇಕಾತು," ಎಂದ ಶಿವರಾಜಪ್ಪ. ತಾನು ಬರೆದದ್ದರಲ್ಲಿ ಒಂದು ಚುಕ್ಕಿಯೂ ಬದಲಾಗುವುದಿಲ್ಲ, ಬೇಕಾದರೆ ಪೈಥಾನೇ ಬದಲಾಗಲಿ, ಹಳೆಯದನ್ನೇ ತಂದು ಕೂಡಿಸುತ್ತೇನೆ ಎಂದು ಪ್ರತಿಜ್ಞೆ ಮಾಡಿದ.

ಶಿವಕಾಂತಾಳ ಕಣ್ಣು ಆಗಲೇ ಕಂಸ ದಾಟಿ ಕೆಳಗಿಳಿದಿತ್ತು. ಹಿಂದಿನ ಶೆಡ್ಡಿನವರು ಇದರಲ್ಲಿ ಯಾಕಿಲ್ಲ ಎಂದು ಕೇಳಿದಳು. ಕಾಲೊನಿಯ ಹಿಂದೆ ತಗಡಿನ ಶೆಡ್ಡುಗಳಲ್ಲಿ ಔರಾದ್ ತಾಲೂಕಿನಿಂದ ದುಡಿಯಲು ಬಂದ ಮಂದಿಯಿದ್ದರು. ಕಾಲೊನಿಯ ಹೊಸ ಮನೆಗಳ ಗೋಡೆ ಎಬ್ಬಿಸುತ್ತಿದ್ದವರು ಅವರೇ. ಗೋಡೆಗೆ ಹೊಡೆಯಲು ಅವರ ಕೈಗೆ ನೀರು ಸಿಗುತ್ತಿತ್ತು, ಕುಡಿಯಲು ಸಿಗುತ್ತಿರಲಿಲ್ಲ.

"ಅವರಿಗೆ ಮನಿ ನಂಬರ್ ಇಲ್ಲ. ನಂಬರ್ ಇಲ್ಲದವರು ಕಂಪ್ಯೂಟರಿಗೆ ಕಾಣಂಗಿಲ್ಲ."

"ನಿಮಗರೆ ಕಾಣ್ತಾರಿಲ್ಲೊ?" ಎಂದು ಕೇಳಿ ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು.

ಸಂಜೆಯೊಳಗೆ ಶಿವರಾಜಪ್ಪ ಹಳೆಯ ಪೈಥಾನನ್ನು ಇಳಿಸಿಕೊಂಡು, ಗೆದ್ದ ಮುಖದಲ್ಲಿ ಉಂಡು ಮಲಗಿದ. ಅದು ಹೊಸದರ ಪಕ್ಕದಲ್ಲಿ ಬಂದು ಕೂತಿದೆಯೇ ಹೊರತು ಅದರ ಗಾದಿ ಏರಿಲ್ಲ ಎಂಬುದನ್ನು ನೋಡಲಿಲ್ಲ.

ರವಿವಾರ ಬೆಳಿಗ್ಗೆ ಕಾಲೊನಿಯ ಗಂಡಸರೆಲ್ಲ ಅವನ ಪಡಸಾಲೆಯಲ್ಲಿ ನೆರೆದರು. ಪಾಳಿ ಎಲ್ಲರ ಕಣ್ಣ ಮುಂದೆ ಎದ್ದು ಬರಬೇಕು, ನಾಳೆ ಯಾರೂ ಮೋಸ ಎನ್ನಬಾರದು ಎಂದು ಆತನೇ ಕರೆದಿದ್ದ. ಹಣಮಂತಪ್ಪ ಎಲ್ಲರಿಗಿಂತ ಮುಂದಿನ ಖುರ್ಚಿಯಲ್ಲಿ ಕೂತಿದ್ದ. ಸಾಲಿನಲ್ಲಿ ಹಿಂದೆ ಕೂಡುವುದು ಅವನ ಜಾತಕದಲ್ಲೇ ಇರಲಿಲ್ಲ. ಶಿವರಾಜಪ್ಪ ಕೈಮುಗಿದು ಪ್ರೋಗ್ರಾಮನ್ನು ಒತ್ತಿದ. ಎದ್ದು ಬಂದದ್ದು ಹೊಸ ಪೈಥಾನ್, ಅದರ ಬಾಯಲ್ಲಿ ಅದೇ ಕಂಸ. ಮತ್ತೆ ಒತ್ತಿದ. ಮತ್ತೆ ಕಂಸ.

"ಸಾಹೇಬ್ರ, ಹಳೀ ರಿವಾಜೇ ಛಲೋ ಇತ್ತಲ್ಲರಿ," ಎಂದು ಹಣಮಂತಪ್ಪ ಮೀಸೆಯಲ್ಲೇ ನಕ್ಕ. "ಮೊದಲ ನಮ್ಮ ಮನಿ, ಆಮ್ಯಾಲ ಊರು."

ಆ ನಗು ಶಿವರಾಜಪ್ಪನ ಎದೆಗೆ ನಾಟಿತು. ಪೈಥಾನ್ ಎಂದರೆ ಹೆಬ್ಬಾವು, ಒಂದೇ ಬಿಲದಲ್ಲಿ ಎರಡು ಹೆಬ್ಬಾವು ಇರುವುದೇ ತಪ್ಪು, ಹೊಸದನ್ನು ಬುಡಸಮೇತ ಕಿತ್ತು ಒಗೆದರೆ ಹಳೆಯದು ತಾನಾಗಿ ಹೆಡೆ ಎತ್ತುತ್ತದೆ ಎಂದು ಸಭೆಗೆ ವಿವರಿಸಿದ. ಹೆಬ್ಬಾವಿಗೆ ಹೆಡೆ ಇರುವುದಿಲ್ಲ ಎಂದು ಯಾರೋ ಹಿಂದಿನಿಂದ ಅಂದದ್ದನ್ನು ಕೇಳಿಸಿಕೊಳ್ಳಲಿಲ್ಲ. ಹೊಸದನ್ನು ತೆಗೆಯುವ ಆಜ್ಞೆ ಕೊಟ್ಟ. ಇದರೊಡನೆ ಇವೂ ಹೋಗುತ್ತವೆ ಎಂದು ಕಂಪ್ಯೂಟರು ಉದ್ದಕ್ಕೆ ಹೆಸರು ಕಾರಿತು. ಪರದೆ ತುಂಬಿ, ಮೇಲೆ ಸರಿದು, ಮತ್ತೆ ತುಂಬಿತು. ಕೊನೆಗೆ, ಖಂಡಿತ ಮುಂದುವರಿಯಲೇ ಎಂದು ಕೇಳಿತು. ಯಾವ ಕಚೇರಿಯಲ್ಲೂ ಯಾರೂ ಅವನನ್ನು ಇಷ್ಟು ಮರ್ಯಾದೆಯಿಂದ ಒಂದು ಮಾತು ಕೇಳಿರಲಿಲ್ಲ. ಆ ಸಂತೋಷಕ್ಕೇ ಹೌದು ಎಂದು ಒತ್ತಿಬಿಟ್ಟ.

ಮೊದಲು ಪರದೆಯ ಮೂಲೆಯ ಗಡಿಯಾರ ಹೋಯಿತು. ಆಮೇಲೆ ಚಿತ್ರಗಳು ಒಂದೊಂದಾಗಿ ಹೋದವು. ಪರದೆಗೆ ಹಾಕಿದ್ದ ಬೀದರ್ ಕೋಟೆ ಯಾವ ಸುಲ್ತಾನನೂ ಕೆಡವದ ರೀತಿಯಲ್ಲಿ ಕುಸಿಯಿತು. ಉಳಿದದ್ದು ಕಾಡಿಗೆಗಪ್ಪು, ಅದರಲ್ಲಿ ಮಿಣುಕುವ ಒಂದು ಬಿಳಿ ಗೆರೆ. ಆರಿಸಿ ಹಚ್ಚಿದ. ಕಂಪ್ಯೂಟರು ಹೆಸರು ಕೇಳಿತು, ಹೇಳಿದ. ಪಾಸ್‌ವರ್ಡ್ ಕೇಳಿತು, ಅದನ್ನೂ ಹೇಳಿದ. ಒಳಗೆ ಬಿಟ್ಟುಕೊಂಡಿತು. ಒಳಗೆ ಏನೂ ಇರಲಿಲ್ಲ.

ಸಭೆಗೆ ಈಗ ಜೀವ ಬಂತು. ವೋಲ್ಟೇಜ್ ಕಮ್ಮಿಯಾಗಿದೆ ಎಂದರು ಒಬ್ಬರು. ಡಬ್ಬಿಗೆ ಎರಡು ತಟ್ಟಿ ನೋಡಿ ಎಂದರು ಮತ್ತೊಬ್ಬರು. ಹಣಮಂತಪ್ಪ ತಾನು ಮೊಬೈಲಿಗೆ ಮಾಡುವಂತೆ ಬ್ಯಾಟರಿ ತೆಗೆದು ಊದಿ ಹಾಕಲು ಸಲಹೆ ಕೊಟ್ಟು, ಬ್ಯಾಟರಿ ಹುಡುಕುತ್ತ ಮೇಜಿನ ಕೆಳಗೆ ಹೊಕ್ಕ.

ಅಷ್ಟರಲ್ಲಿ ಹೊರಗೆ ಟ್ಯಾಂಕರಿನ ಹಾರ್ನ್ ಕೇಳಿತು. ಶಿವಕಾಂತಾ ಬಾಗಿಲಿಗೆ ಬಂದು ಕರೆದಳು. ಪಾಳಿ ಬರುವತನಕ ಒಂದು ಹನಿಯೂ ಇಳಿಯಬಾರದು ಎಂದ ಶಿವರಾಜಪ್ಪ. ಪಾಳಿ ಯಾವಾಗ ಬರುತ್ತದೆ ಎಂದು ಕೇಳಿದಳು. ಅವನು ಬಿಳಿ ಗೆರೆಯನ್ನು ನೋಡಿದ, ಅದು ಮಿಣುಕಿತು. ಅವಳು ಬಾಗಿಲು ಮುಂದೆ ಮಾಡಿಕೊಂಡು ಹೊರಟುಹೋದಳು.

ಹೊರಗೆ ಟ್ಯಾಂಕರಿನ ಕುತುಬೋದ್ದೀನ, ತನಗೆ ಇನ್ನೊಂದು ಕಾಲೊನಿಗೆ ಹೋಗುವುದಿದೆ, ನಿಲ್ಲಲಾಗುವುದಿಲ್ಲ ಎನ್ನುತ್ತಿದ್ದ. ಹೆಂಗಸರು ಕೊಡ ಹಿಡಿದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಗೋಡೆಯ ಮರೆಯಲ್ಲಿ ಶೆಡ್ಡಿನ ಶಾಲುಬಾಯಿ ಖಾಲಿ ಕೊಡ ಕಂಕುಳಲ್ಲಿಟ್ಟು, ಎಲ್ಲರದೂ ಆದ ಮೇಲೆ ಪೈಪಿನಿಂದ ಸೋರುವುದಕ್ಕಾಗಿ ಕಾಯುತ್ತಿದ್ದಳು. ಶಿವಕಾಂತಾ ಅವಳನ್ನು ಕೂಗಿ, ಎಲ್ಲರನ್ನೂ ಕರೆದುಕೊಂಡು ಬಂದು ಸಾಲಿಗೆ ನಿಲ್ಲಲು ಹೇಳಿದಳು. ಕುತುಬೋದ್ದೀನನಿಗೆ ನಲ್ಲಿ ಬಿಡಲು ಹೇಳಿದಳು. ಒಬ್ಬರಿಗೆ ಒಂದು ಕೊಡ, ಮತ್ತೆ ಬೇಕಾದವರು ಸಾಲಿನ ಹಿಂದೆ. ಹಣಮಂತಪ್ಪನ ಹೆಂಡತಿ ಅನುಸೂಯಾಬಾಯಿ ಪೈಪಿನ ಸುರುಳಿಯನ್ನು ಒಮ್ಮೆ ನೋಡಿ, ಅದನ್ನು ಹಾಗೇ ಬಿಟ್ಟು, ತಾನೂ ಕೊಡ ತಂದು ಶಾಲುಬಾಯಿಯ ಹಿಂದೆ ನಿಂತಳು. ಯಾರ ಧ್ವನಿಯೂ ಏರಲಿಲ್ಲ.

ಟ್ಯಾಂಕರ್ ಹೊರಡುವ ಸದ್ದಿಗೆ ಗಂಡಸರು ಹೊರಗೆ ಬಿದ್ದರು. ಹಣಮಂತಪ್ಪ ಪೈಪಿನ ತುದಿ ಹಿಡಿದು ಓಡಿದ. ಟ್ಯಾಂಕರ್ ಅವನಿಗಿಂತ ಜೋರಾಗಿ ಓಡಿತು.

"ಪಾಳಿ ಇಲ್ದ ಹ್ಯಾಂಗ ಹಂಚಿದ್ರಿ? ಶೆಡ್ಡಿನವರಿಗೂ ಕೊಟ್ರೇನು?" ಎಂದ ಶಿವರಾಜಪ್ಪ. "ಅವರಿಗೆ ನಂಬರೇ ಇಲ್ಲಲ್ಲ."

"ನಂಬರ್ ಇರಲಿಲ್ಲರಿ. ಕೊಡ ಇತ್ತು," ಎಂದಳು ಶಿವಕಾಂತಾ.

ಆತ ಮರುದಿನ ಡಬ್ಬಿಯನ್ನು ಸ್ಕೂಟರಿಗೆ ಕಟ್ಟಿ ಕಂಪ್ಯೂಟರ್ ಅಂಗಡಿಯ ಮಕ್ಸೂದನ ಹತ್ತಿರ ಒಯ್ದ. ಮೊದಲು ಕಂಪ್ಯೂಟರಿಗೆ ಅದನ್ನು ನಡೆಸುವ ಲಿನಕ್ಸ್ ಹಾಕಿಕೊಟ್ಟವನು ಅವನೇ. ಇಡೀ ಪರದೆ ನಿಂತಿರುವುದೇ ಆ ಹೊಸ ಪೈಥಾನಿನ ಮೇಲೆ, ಅದನ್ನೇ ಯಾಕೆ ತೆಗೆದಿರಿ ಎಂದು ಅವನು ಕೇಳಿದ. ತನ್ನಷ್ಟಕ್ಕೇ ಹೋಯಿತು ಎಂದ ಶಿವರಾಜಪ್ಪ. ಮಕ್ಸೂದ ಹೊಟ್ಟೆ ಹಿಡಿದುಕೊಂಡು ನಕ್ಕು, ಎಲ್ಲ ಹೊಸದಾಗಿ ಹಾಕಿಕೊಟ್ಟ. ಮನೆಗೆ ಬಂದ ಶಿವರಾಜಪ್ಪ ಯಾರಿಗೂ ಹೇಳದೆ ಕೂತು ಕಂಸಗಳನ್ನು ಹಾಕಿದ. ಆಮೇಲೆ ಶಿವಕಾಂತಾ ಹೇಳುತ್ತ ಹೋದಂತೆ ಮನೆ ನಂಬರ್ ತೆಗೆದು ಹೆಸರು ಬರೆದ. ಶಾಲುಬಾಯಿಯದೂ ಬಂತು, ಶೆಡ್ಡಿನ ಉಳಿದವರದೂ ಬಂತು. ಒತ್ತಿದೊಡನೆ ಪಾಳಿ ಚಂದವಾಗಿ ಎದ್ದು ನಿಂತಿತು. ಅವನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಶನಿವಾರ ಸಂಜೆ ಅನುಸೂಯಾಬಾಯಿ ಕಾಲೊನಿಯ ಹೆಂಗಸರನ್ನು ಕಟ್ಟಿಕೊಂಡು ಬಂದಳು. ಅಭಿನಂದನೆಗೇ ಬಂದಿದ್ದಾರೆಂದು ಶಿವರಾಜಪ್ಪ ಅಂಗಿಯ ಗುಂಡಿ ಸರಿಮಾಡಿಕೊಂಡ.

"ಅಣ್ಣಾರ, ಕಂಪ್ಯೂಟರ್ ರಿಪೇರಿ ಆತಂತಲ್ಲರಿ?"

"ಆತರಿ. ಬಿಲ್ಕುಲ್ ಛಲೋ ನಡೀಲತದ."

ಹೆಂಗಸರ ಮುಖ ಇಳಿಯಿತು. ಅನುಸೂಯಾಬಾಯಿ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಹೇಳಿದಳು:

"ನಾಳಿ ಟ್ಯಾಂಕರ್ ಬರೋ ಹೊತ್ತಿಗಿ ಮತ್ತ ಅದನ್ನ ಒಂದಿಷ್ಟು ಕೆಡಿಸಿ ಇಡ್ರೆಪ್ಪ. ಈ ಗಂಡಸರನ್ನೆಲ್ಲಾ ಒಳಗ ಕೂಡಿಸ್ಲಾಕ ನಮಗ ಬ್ಯಾರೆ ಏನೂ ಸಿಗವಲ್ದು."