ದೀಪದ ಹೊತ್ತಿನ ಲಾರಿ

"ಕಣ್ಣು ಮುಚ್ಚು ಸುನಂದಾ!"

"ನಾ ಮುಚ್ಚಂಗಿಲ್ಲ. ಹೋದಸಲ ಮುಚ್ಚಿದಾಗ ಹುಬ್ಬು ಸುಟ್ಟಿತ್ತು!"

ಸುನಂದಾ ಹೊಲಿಗೆ ಯಂತ್ರದಿಂದ ಕಾಲು ತೆಗೆಯಲಿಲ್ಲ. ಮುಂಜಾನೆಯಿಂದ ತುಳಿದು ತುಳಿದು ಮೀನಖಂಡ ಕಲ್ಲಾಗಿತ್ತು. ಆದರೆ ಗಂಡ ಪಂಚಾಕ್ಷರಿಯ ಮುಖದ ಮೇಲಿನ ಆ ಹೊಳಪು ಅವಳಿಗೆ ಹೊಸದಲ್ಲ. ಕಾಲೇಜಿನ ಲ್ಯಾಬಿನಲ್ಲಿ ಹುಡುಗರು ಒಡೆದ ಗಾಜು ಗುಡಿಸಿ ದಣಿದು ಬರುವ ಮನುಷ್ಯ, ಮನೆಗೆ ಬಂದನೆಂದರೆ ವಿಜ್ಞಾನಿ! ಅವನು ಟವೆಲ್ ಮುಚ್ಚಿದ ಏನನ್ನೋ ತಂದು, ಯಾರದೋ ಮದುವೆಯ ಕುಪ್ಪಸದ ಬಟ್ಟೆಯ ನಟ್ಟನಡುವೆ ಇಟ್ಟು, ಟವೆಲ್ ಎಳೆದ.

ಒಂದೂವರೆ ಗೇಣುದ್ದದ ಲಾರಿ.

ಪೆಟ್ಟಿಗೆಯಲ್ಲಿ ಬಂದಾಗ ಅದು ಉದ್ದ ಮೂತಿಯ ಪರದೇಶಿ ಟ್ರಕ್ಕಿನ ಮಾಡೆಲ್ ಕಿಟ್. ಪಂಚಾಕ್ಷರಿ ಅದರ ಮೂತಿ ಕೊಯ್ದು, ಮರಳುಕಾಗದದಿಂದ ತಿಕ್ಕಿ, ಐಸ್‌ಕ್ರೀಮ್ ಕಡ್ಡಿಗಳಿಂದ ಹಿಂದಿನ ತೊಟ್ಟಿ ಕಟ್ಟಿದ್ದ. ಹಣೆಯ ಮೇಲೆ 'ಗುರುಕೃಪಾ' ಎಂದು ಬರೆದು, ಕನ್ನಡಿಗೆ ಬಣ್ಣದ ಕುಚ್ಚು ತೂಗುಹಾಕಿದ್ದ.

"ರೀ, ಇದು ನನ್ನ ಇಳಕಲ್ ಸೀರಿ ಕುಚ್ಚಲ್ಲೇನು?"

"ಅಳತಿಗೆ ಸರಿ ಹೊಂದಿದ್ದು ಅದೊಂದ! ಕುಚ್ಚು ಬಿಡು, ಒಳಗಿನ ವಿದ್ಯಾ ನೋಡು. ಹಳೇ ಗಾಡಿ ಬಣ್ಣದಾಗ ಆ ಗಾಡಿ ನೆನಪು ಕುಂತಿರ್ತಾವು. ಆ ಬಣ್ಣ ಕೆರದು, ನನ್ನ ಸ್ಮೃತಿಮಥನ ಯಂತ್ರದಾಗ ಕಡದು, ಮಾಡೆಲ್ಲಿಗೆ ಬಳದ್ರ ಆ ಗಾಡಿ ಬುದ್ಧಿನೇ ಇದಕ್ಕ ಬರ್ತೈತಿ! ರಿಮೋಟ್ ಬ್ಯಾಡ, ಡ್ರೈವರ್ ಬ್ಯಾಡ!"

"ಸ್ಮೃತಿಮಥನ ಅಂದ್ರ ನನ್ನ ಮಿಕ್ಸರ್ ಹೌದಲ್ರೀ?"

"ಜಾರ್ ಬ್ಯಾರೆ ಇಟ್ಟೀನಿ. ಚಟ್ನಿ ಜಾರ್ ಮುಟ್ಟಿಲ್ಲ, ದೇವರಾಣಿ!"

"ಮತ್ತ ಹಳೇ ಬಣ್ಣ ಎಲ್ಲಿಂದ ಬಂತು?"

ಪಂಚಾಕ್ಷರಿ ಚಾವಣಿ ನೋಡಿದ. ಸುನಂದಾ ಹಿತ್ತಲ ಕಿಟಕಿಯ ಕಡೆ ನೋಡಿದಳು.

ಹಿತ್ತಲಿನಲ್ಲಿ ಮನೆಯೊಡತಿ ನೀಲವ್ವನ ಕೋಳಿಗೂಡಿತ್ತು. ಅದರ ಬಾಗಿಲು ಅವಳ ತೀರಿಹೋದ ಗಂಡ ಸಂಗಪ್ಪನ ಲಾರಿಯದು. ಲಾರಿ ಗುಜರಿಗೆ ಹೋದ ದಿನ, ಇದೊಂದನ್ನು ಕೊಡೆನೆಂದು ಕಿತ್ತಿಟ್ಟುಕೊಂಡಿದ್ದಳು. ಇಡೀ ಬೆಟಗೇರಿಯಲ್ಲಿ ಹಳೇ ಬಣ್ಣಕ್ಕೆ ಬರವಿತ್ತೇ? ಪಂಚಾಕ್ಷರಿಗೆ ಅದೇ ಬೇಕಾಗಿತ್ತು! ತುಳಸಿಗೆ ತಾನೇ ನೀರುಣಿಸುವ ಅವನ ಯಂತ್ರ ತುಳಸಿಯನ್ನು ಬಿಟ್ಟು ನೀಲವ್ವನ ಹಾಸಿಗೆಗೆ ನೀರುಣಿಸಿದ ಮೇಲೆ ಅವಳು ಖಡಾಖಂಡಿತ ಹೇಳಿದ್ದಳು: "ಇನ್ನೊಂದು ಯಂತ್ರದ ಸಪ್ಪಳ ಕೇಳಿದ್ರ ಮನಿ ಖಾಲಿ!"

ಖಾಲಿ ಮಾಡುವುದೆಂದರೆ ಸುನಂದಾಗೆ ಬರೀ ಪಾತ್ರೆ ಪಗಡೆ ಹೊರುವ ಮಾತಲ್ಲ. ಈ ಓಣಿಯ ಹೆಂಗಸರ ಅಳತೆಗಳೆಲ್ಲ ಅವಳ ಬೆರಳ ತುದಿಯಲ್ಲಿದ್ದವು. ಮಗಳ ಶಾಲೆ ಇಲ್ಲೇ ತಿರುವಿನಲ್ಲಿತ್ತು. ಬೇರೆ ಓಣಿಯಲ್ಲಿ ಮತ್ತೆ ಮೊದಲಿನಿಂದ ಗಿರಾಕಿ ಹಿಡಿಯುವಷ್ಟು ಜೀವ ಅವಳ ಕಾಲಲ್ಲಿ ಉಳಿದಿರಲಿಲ್ಲ.

"ಸಪ್ಪಳಿಲ್ದಂಗ ಒಯ್ದು ಒಳಗಿಡ್ರಿ," ಎಂದಳು.

"ಒಮ್ಮೆ ಓಡಿಸಿ ತೋರಸ್ತೀನಿ, ಒಮ್ಮೆ!"

ಗುಂಡಿ ಒತ್ತಿದ. ಲಾರಿ ಅಲುಗಲಿಲ್ಲ. ತಟ್ಟಿದ, ಊದಿದ, ಬೇಡಿಕೊಂಡ. ಆಮೇಲೆ ಹಣೆ ಬಡಿದುಕೊಂಡು, "ಗಾಲಿ ಕೆಳಗ ಲಿಂಬಿಹಣ್ಣು ಇಟ್ಟಿಲ್ಲ! ಪೂಜೆ ಇಲ್ದ ಲಾರಿ ಹೆಂಗ ಹೊರಡತೈತಿ?" ಎಂದು ಅಡುಗೆಮನೆಗೆ ಓಡಿದ. ಲಿಂಬೆಹಣ್ಣು ಗಾಲಿಗಿಂತ ದೊಡ್ಡದು. ಲಾರಿ ಒಂದು ಹಣ್ಣು ಹತ್ತಿ ಬೆನ್ನಡಿಯಾಗಿ ಬಿತ್ತು. ನೋಡಲಾರದೆ ಸುನಂದಾನೇ ಎದ್ದು, ಗಾಲಿಗೊಂದರಂತೆ ಹಸಿ ವಟಾಣಿ ಕಾಳು ಇಟ್ಟಳು.

"ಅಳತಿ ಅಂದ್ರ ಇದು," ಎಂದಳು.

ಪಚಕ್! ವಟಾಣಿ ಚಪ್ಪಟೆಯಾಯಿತು. ಲಾರಿ ಹೊರಟಿತು. ಹೊರಡುವ ಮುನ್ನ ಹಾರ್ನ್ ಹೊಡೆಯಿತು.

ಎಲ್ಲವೂ ಇಪ್ಪತ್ನಾಲ್ಕು ಪಾಲು ಸಣ್ಣದಾಗಿತ್ತು, ಹಾರ್ನ್ ಒಂದು ಬಿಟ್ಟು! ಭೋಂ ಭೋಂ ಭೋಂಓಂ ಎಂದು ಅದು ಕೂಗಿದ ರಭಸಕ್ಕೆ ಗೋಡೆಯ ಕ್ಯಾಲೆಂಡರ್ ತಿರುಗಿಕೊಂಡಿತು. ಲಾರಿ ಮದುವೆಯ ಕುಪ್ಪಸದ ಬಟ್ಟೆಯನ್ನು ತಾಡಪತ್ರಿಯಂತೆ ಮೈಮೇಲೆ ಎಳೆದುಕೊಂಡು, ಮೇಜಿನಿಂದ ಕುರ್ಚಿಗೆ, ಕುರ್ಚಿಯಿಂದ ನೆಲಕ್ಕೆ ಧುಮುಕಿ, ಹೊಸ್ತಿಲು ದಾಟಿ ಓಣಿಗಿಳಿಯಿತು.

"ಹಿಡೀರಿ! ಶೆಟ್ಟರ ಮಗಳ ಮದವಿ ಬಟ್ಟಿ ಅದು!"

ಎದುರಿಗೆ ಬಂದ ಆಟೋದವನು ಹಾರ್ನ್ ಕೇಳಿ, ಲಾರಿ ಕಾಣದೆ ಗಾಬರಿಯಾಗಿ ಗಟಾರದ ಕಡೆ ಹೊರಳಿಸಿದ. ಹಿಂದಿನವರು ಸಾಲಾಗಿ ನಿಂತರು. ಗುರುಕೃಪಾ ಮಾತ್ರ ರಸ್ತೆಯ ನಡುವೆ, ಯಾರಿಗೂ ದಾರಿ ಬಿಡದೆ, ಗತ್ತಿನಿಂದ ಸಾಗಿ ಮಿರ್ಚಿ ಬಂಡಿಯ ಮುಂದೆ ಗಕ್ಕನೆ ನಿಂತಿತು. ಪಂಚಾಕ್ಷರಿ ಎಳೆದರೂ ಬರಲಿಲ್ಲ, ಎತ್ತಿದರೂ ಏಳಲಿಲ್ಲ. ಲೋಡಾದ ಲಾರಿಯ ನೆನಪು ಅದರ ಮೈತುಂಬಾ ಇತ್ತಲ್ಲ!

"ಸಂಗಪ್ಪಣ್ಣನ ಗಾಡಿ ಇದ್ದಂಗೈತಲ್ರೀ," ಎಂದ ಬಂಡಿಯ ಮುದುಕ, ಮಿರ್ಚಿ ತುಣುಕೊಂದನ್ನು ಕ್ಯಾಬಿನ್ನಿನ ನೆತ್ತಿಯ ಮೇಲಿಟ್ಟ. ಲಾರಿ ತೃಪ್ತಿಯಿಂದ ಗುರುಗುಟ್ಟಿ, ತಿರುಗಿ, ನೆಟ್ಟಗೆ ನೀಲವ್ವನ ಅಂಗಳಕ್ಕೆ ಹೊರಟಿತು. ಹಿಂದೆ ಗಂಡಹೆಂಡಿರ ಓಟ.

ಅಂಗಳದಲ್ಲಿ ನೀಲವ್ವ ಕಸಬರಿಗೆ ಹಿಡಿದು ನಿಂತಿದ್ದಳು. ಮುಖ ಬಿಳಿಚಿತ್ತು.

"ಆ ಹಾರ್ನ್ ಹೊಡದವ್ರು ಯಾರು?"

ಸುನಂದಾ ಸುತ್ತ ನೋಡಿದಳು. ಲಾರಿ ಅಷ್ಟರಲ್ಲೇ ತುಳಸಿಕಟ್ಟೆಯ ಹಿಂದೆ ಸರಿದು, ಉಸಿರಡಗಿಸಿ ನಿಂತಿತ್ತು.

"ನನ್ನ ಕೋಳಿಗೂಡಿನ ಬಾಗಿಲಾ ಕೆರದೀಯಲ್ಲೋ ಪಂಚಾಕ್ಷರಿ! ಅದು ನಮ್ಮನಿಯಾವ್ರು ಕೈಯಿಟ್ಟು ಕೂಡತಿದ್ದ ಜಾಗಾ! ಕೋಳಿ ಸುದ್ಧಾ ಅದನ್ನ ಕುಕ್ಕಂಗಿಲ್ಲ! ನಿನಗ ಬುದ್ಧಿ ಬ್ಯಾಡೇನು?"

"ಅಮ್ಮಾರ, ವಿಜ್ಞಾನದ ಸಲುವಾಗಿ..."

"ನಿನ್ನ ವಿಜ್ಞಾನಕ್ಕಿಷ್ಟು ಬೆಂಕಿ ಹಾಕಾ! ತಂಗೀ ಸುನಂದಾ, ನಿನ್ನ ಮಾರಿ ನೋಡಿ ಇಷ್ಟ ದಿನಾ ಸುಮ್ಮನಿದ್ದೆ. ಇನ್ನ ಆಗಂಗಿಲ್ಲ. ಈ ಅಮಾಸಿ ಒಳಗ..."

ಸುನಂದಾ ಅವಳ ಮಾತು ಕೇಳುತ್ತಲೇ ತುಳಸಿಕಟ್ಟೆ ನೋಡುತ್ತಿದ್ದಳು. ಲಾರಿ ಸುಮ್ಮನೆ ನಿಂತಿರಲಿಲ್ಲ. ನೀಲವ್ವ ಉಸಿರು ತೆಗೆದುಕೊಂಡಾಗ ಮೂತಿ ತುಸು ಹೊರಗೆ ಚಾಚುತ್ತಿತ್ತು. ಅವಳು ಬಾಯಿ ತೆರೆದಳೋ, ಸರ್ರನೆ ಹಿಂದಕ್ಕೆ! ಮತ್ತೆ ಇಣುಕು, ಮತ್ತೆ ಹಿಂದಕ್ಕೆ.

ಹೊತ್ತು ಮುಳುಗಿತು. ನೀಲವ್ವ ಬೈಗುಳವನ್ನು ಅರ್ಧಕ್ಕೇ ನುಂಗಿದಳು. ದೀಪ ಹಚ್ಚುವ ಹೊತ್ತಿನಲ್ಲಿ ಬಾಯಿ ಹೊಲಸು ಮಾಡಿದರೆ ಲಕ್ಷ್ಮಿ ಹೊಸ್ತಿಲಿನಿಂದಲೇ ತಿರುಗಿ ಹೋಗುತ್ತಾಳೆಂಬುದು ಅವಳು ಮದುವೆಯಾಗಿ ಬಂದಾಗಿನಿಂದ ಮುರಿಯದ ನೇಮ. ಕೈಕಾಲು ತೊಳೆದು, ತುಳಸಿಗೆ ದೀಪ ಹಚ್ಚಿದಳು.

ಬತ್ತಿ ಹೊತ್ತಿಕೊಂಡದ್ದೇ ತಡ, ಭೋಂ ಭೋಂ ಭೋಂಓಂ! ಕಟ್ಟೆಯ ಹಿಂದಿನಿಂದ ಗುರುಕೃಪಾ ಈಗಷ್ಟೇ ದೂರದ ಊರಿನಿಂದ ಬಂದಂತೆ ಠೀವಿಯಿಂದ ಬಂದು, ನೀಲವ್ವನ ಹೊಸ್ತಿಲ ಮುಂದೆ ನಿಂತಿತು.

ನೀಲವ್ವ ಬಾಯಿ ತೆರೆದಳು. ದೀಪ ನೋಡಿದಳು. ಬಾಯಿ ಮುಚ್ಚಿದಳು. ಆಮೇಲೆ ಮೆಲ್ಲಗೆ ಕಟ್ಟೆಯ ಮೇಲೆ ಕುಳಿತಳು.

"ತಂಗೀ, ಇದು ಆಗಳೆ ಇಲ್ಲೇ ನಿಂತಿತ್ತೇನು?"

"ಹೌದ್ರಿ ಅಮ್ಮಾರ. ನಿಮ್ಮ ಬಾಯಿ ನಿಲ್ಲೂತನಾ ಕಾಯಾಕತ್ತಿತ್ತು."

"ನಮ್ಮನಿಯಾವ್ರು ಎಷ್ಟ ದಿನಾ ತಡಾ ಮಾಡಿ ಬಂದ್ರೂ ಬರೋಬ್ಬರಿ ದೀಪ ಹಚ್ಚಿದಾಗ ಬರತಿದ್ರು," ಎಂದಳು ನೀಲವ್ವ. "ಆ ಹೊತ್ತಿನ್ಯಾಗ ನನಗ ಬೈಯಾಕ ಬರ್ತಿದ್ದಿಲ್ಲ. ಮಿರ್ಚಿ ವಾಸನಿ ಬಂದ್ರೂ ಸುಮ್ಮನ ಬಡಸ್ತಿದ್ದೆ. ಲಕ್ಷ್ಮೀನೇ ಕರಕೊಂಡ ಬರ್ತಾಳ ಅನ್ಕೊಂಡಿದ್ದೆ, ಓಣಿ ತುಂಬ ಹೇಳ್ಕೋತ ಅಡ್ಡಾಡಿದ್ದೆ! ನೋಡಿದ್ರ, ಮೂಲಿಯಾಗ ಗಾಡಿ ನಿಲ್ಲಿಸಿ ಕಾಯ್ತಿದ್ರು! ನನಗ ಅಂಜಿ!"

ಅವಳ ಭುಜಗಳು ಅಲುಗತೊಡಗಿದವು. ಅಳುತ್ತಾಳೆಂದು ಸುನಂದಾ ಹತ್ತಿರ ಹೋದರೆ, ಮುದುಕಿ ನಗುತ್ತಿದ್ದಳು. ಕಣ್ಣಲ್ಲಿ ನೀರಂತೂ ಇತ್ತು.

"ಅಮ್ಮಾರ, ಮನಿ ಖಾಲಿ ಮಾಡೋದು?" ಎಂದ ಪಂಚಾಕ್ಷರಿ. ಸುನಂದಾ ಅವನ ಕಾಲು ತುಳಿದಳು.

"ದೀಪದ ಮುಂದ ಆ ಮಾತು ಆಡಬಾರದು. ಮುಂಜಾನೆ ನೋಡೂಣು," ಎಂದು ನೀಲವ್ವ ಲಾರಿಯ ಧೂಳನ್ನು ಸೆರಗಿನಿಂದ ಒರೆಸಿದಳು.

ಮುಂಜಾನೆ ಆ ಮಾತು ಬರಲಿಲ್ಲ. ನೀಲವ್ವನಿಗೆ ಬೇರೆ ಕೆಲಸವಿತ್ತು. ಇಷ್ಟು ವರ್ಷ ಬಾಕಿ ಉಳಿದ ಬೈಗುಳವನ್ನೆಲ್ಲ ಲಾರಿಗೆ ಒಪ್ಪಿಸಬೇಕು! ಆದರೆ ಅವಳು ಏಳುವುದರೊಳಗೆ ಅದು ಹೊರಟುಬಿಟ್ಟಿತ್ತು. ಸಂಜೆ ಅವಳೂ ಹಟ ಹಿಡಿದಳು: ಲಾರಿ ಬರುವ ತನಕ ದೀಪ ಹಚ್ಚೆ. ಲಾರಿಯದೂ ಹಟ: ದೀಪ ಹಚ್ಚುವ ತನಕ ಬರೆ. ಅಂಗಳವೆಲ್ಲ ಕತ್ತಲು, ಸೊಳ್ಳೆಗಳಿಗೆ ಹಬ್ಬ. ಕೊನೆಗೆ ನೀಲವ್ವನೇ ಸೋತು ಕಡ್ಡಿ ಗೀರಿದಳು. ಹಾರ್ನ್ ಕೇಳಿದಾಗ ಅವಳ ಮುಖದಲ್ಲಿ ಸೋತ ಕಳೆ ಮಾತ್ರ ಇರಲಿಲ್ಲ.

ಹೀಗೇ ನಡೆಯಿತು. ಕುಪ್ಪಸದ ಬಟ್ಟೆಯ ಮೇಲಿನ ಮಿರ್ಚಿ ಎಣ್ಣೆಯ ಕಲೆಯ ಮೇಲೆ ಸುನಂದಾ ನವಿಲು ಹೆಣೆದಳು. ಶೆಟ್ಟರ ಮನೆಯವರು ಇನ್ನೂ ಎರಡು ನವಿಲು ಕೇಳಿದರು.

ಒಂದು ಸಂಜೆ ಅವಳು ದಾರ ಕಡಿಯುತ್ತ ಕಿಟಕಿಯಿಂದ ನೋಡಿದರೆ, ಓಣಿಯ ಮೂಲೆಯ ಕರೆಂಟಿನ ಕಂಬದ ಹಿಂದೆ ಗುರುಕೃಪಾ ಇಣುಕುತ್ತಿತ್ತು. ಅದರ ಹಿಂದೆ ಪಂಚಾಕ್ಷರಿ. ಕಂಕುಳಲ್ಲಿ ಹೊಸ ಕಿಟ್ಟಿನ ಪೆಟ್ಟಿಗೆ. ಅವಳು ದೇವರ ಮುಂದೆ ದೀಪ ಹಚ್ಚಿದಳು. ಅದೇ ಕ್ಷಣ ಬಾಗಿಲಲ್ಲಿ ಚಪ್ಪಲಿಯ ಸದ್ದು.

ಆ ಬಣ್ಣ ಚಟ್ನಿಯೊಂದಿಗೆ ಗಂಡನ ಹೊಟ್ಟೆಗೂ ಹೋಗಿದೆಯೇನೋ ಎಂದು ಸುನಂದಾ ಅಡುಗೆಮನೆಗೆ ಹೋಗಿ ಚಟ್ನಿ ಜಾರ್ ಎತ್ತಿ ಮೂಸಿದಳು. ಬಣ್ಣದ ವಾಸನೆ ಎಳ್ಳಷ್ಟೂ ಇಲ್ಲ, ಬರೀ ಬೆಳ್ಳುಳ್ಳಿ.

ಅಂದರೆ, ಈ ಒಂದು ವಿಷಯದಲ್ಲಿ ಯಂತ್ರದ ತಪ್ಪೇನೂ ಇರಲಿಲ್ಲ.