ವಿಗ್ಗಿನ ಪೆಟ್ಟಿಗೆಯಲ್ಲಿ ಗಂಜಿ

ಎಡಿನ್‌ಬರೋ ಪಟ್ಟಣದಲ್ಲಿ ವಿಗ್ಗು ಕಟ್ಟಿ ಗಡ್ಡ ಹೆರೆಯುವ ನಿನಿಯನ್ ಟುಲಕ್‌ನ ಆ ಗುರುವಾರದ ಫಜೀತಿಗೆಲ್ಲ ಕಾರಣ ಒಂದೇ ಒಂದು ಪ್ರಶ್ನೆ. ಕೇಳಿದವರು ಪ್ರೊಫೆಸರ್ ಕಿನ್‌ಲಾಕ್. ಕೇಳಿದ್ದು ಮುಖದ ತುಂಬ ಸಾಬೂನಿನ ನೊರೆ ಹಚ್ಚಿಸಿಕೊಂಡು, ನಿನಿಯನ್‌ನ ಕತ್ತಿ ಅವರ ಗಂಟಲ ಹತ್ತಿರ ಇದ್ದಾಗ. ಅಂಥ ಹೊತ್ತಿನಲ್ಲಿ ಉಳಿದವರು ಬಾಯಿ ಮುಚ್ಚಿಕೊಂಡು ಕೂತಿರುತ್ತಾರೆ. ಕಾಲೇಜಿನಲ್ಲಿ ನೀತಿಶಾಸ್ತ್ರ ಹೇಳುವವರಿಗೆ ಆ ಅಭ್ಯಾಸವಿಲ್ಲ.

"ನಿನಿಯನ್, ಯಾರೂ ನೋಡೋದೇ ಇಲ್ಲ ಅಂತ ಖಾತ್ರಿಯಾದರೆ ನೀನು ಒಂದು ಒಳ್ಳೇ ಕೆಲಸ ಮಾಡ್ತೀಯಾ?"

"ಮಾಡದೆ ಏನು ಸ್ವಾಮಿ?"

"ಮಾಡಲ್ಲ. ನೀನೂ ಮಾಡಲ್ಲ, ನಾನೂ ಮಾಡಲ್ಲ. ಮನುಷ್ಯ ಒಳ್ಳೆಯವನಾಗಿರೋದು ನಾಲ್ಕು ಜನ ಭೇಷ್ ಅನ್ನಲಿ ಅಂತ. ಅದರಲ್ಲಿ ನಾಚಿಕೆಪಡೋದೇನೂ ಇಲ್ಲ ಕಣಯ್ಯ. ಆ ಹಸಿವು ಇರೋದರಿಂದಲೇ ಲೋಕ ನೆಟ್ಟಗೆ ನಡೀತಿದೆ. ನನ್ನ ಪುಸ್ತಕದಲ್ಲಿ ಅದಕ್ಕೇ ಮೂರು ಅಧ್ಯಾಯ ಬರೆದಿದ್ದೀನಿ."

"ಯಾರು ನೋಡದಿದ್ದರೂ ದೇವರು ನೋಡ್ತಾನಲ್ಲ ಸ್ವಾಮಿ?"

"ನೋಡಿದೆಯಾ! ಅಲ್ಲೂ ನೋಡೋಕೆ ಒಬ್ಬ ಬೇಕೇ ಬೇಕಾಯ್ತು!" ಪ್ರೊಫೆಸರು ಹೊಟ್ಟೆ ಕುಣಿಸಿ ನಕ್ಕರು. ನಿನಿಯನ್ ಕತ್ತಿಯನ್ನು ಸಮಯಕ್ಕೆ ಸರಿಯಾಗಿ ಎತ್ತದಿದ್ದರೆ ಮೂರು ಅಧ್ಯಾಯಗಳೂ ಅಲ್ಲಿಗೇ ಮುಗಿಯುತ್ತಿದ್ದವು.

ಆ ಮಾತು ಬೇರೆ ದಿನವಾಗಿದ್ದರೆ ಈ ಕಿವಿಯಲ್ಲಿ ಬಂದು ಆ ಕಿವಿಯಲ್ಲಿ ಹೋಗುತ್ತಿತ್ತು. ಆದರೆ ಅಂದು ಮಧ್ಯಾಹ್ನ ಮೂರು ಗಂಟೆಗೆ ಪಾದ್ರಿ ಡಾಲ್‌ಗ್ಲೀಶ್ ಬರುವವರಿದ್ದರು. ಚರ್ಚಿನ ಹಿರಿಯರಲ್ಲಿ ಒಂದು ಜಾಗ ಖಾಲಿಯಿತ್ತು. ಅದಕ್ಕೆ ನಿನಿಯನ್‌ನ ಹೆಸರು ಬಂದಿತ್ತು. ಪಾದ್ರಿಗಳು ಅವನಿರುವ ಕಟ್ಟಡದ ಮೆಟ್ಟಿಲ ಬುಡದಲ್ಲಿ ನಿಂತು, 'ಇವನ ನಡತೆಯ ಬಗ್ಗೆ ಯಾರದಾದರೂ ತಕರಾರು ಉಂಟೇ?' ಎಂದು ನೆರೆಯವರನ್ನು ಕೇಳುವುದು ಪದ್ಧತಿ. ಯಾರೂ ಉಸಿರೆತ್ತದಿದ್ದರೆ ಮುಂದಿನ ಭಾನುವಾರದಿಂದ ನಿನಿಯನ್ ಕರಿ ಕೋಟು ತೊಟ್ಟು ಚರ್ಚಿನ ಬಾಗಿಲಲ್ಲಿ ಕಾಣಿಕೆ ತಟ್ಟೆಯ ಪಕ್ಕ ನಿಲ್ಲಬಹುದು. ಇಡೀ ಊರು ಅವನ ಮುಂದೆ ಹಾದುಹೋಗುವಾಗ ತಲೆ ಬಾಗಿಸುತ್ತದೆ. ಹದಿನೆಂಟು ವರ್ಷ ಊರಿನ ತಲೆಗಳಿಗೆಲ್ಲ ಬಗ್ಗಿ ಬಗ್ಗಿ ಬೆನ್ನು ನೋಯಿಸಿಕೊಂಡವನಿಗೆ ಅದೊಂದೇ ಆಸೆ. ಕನ್ನಡಿಯ ಮುಂದೆ ಗಂಭೀರವಾಗಿ ನಿಲ್ಲುವುದನ್ನು ಅವನು ಒಂದು ವಾರದಿಂದ ಅಭ್ಯಾಸವೂ ಮಾಡಿದ್ದ. ಹಾಗಾಗಿಯೇ ಪ್ರೊಫೆಸರರ ಮಾತು ಅಂಗಾಲಿಗೆ ಮುಳ್ಳು ಹೊಕ್ಕಂತೆ ಹೊಕ್ಕಿತು.

'ನಾನು ಅಷ್ಟಕ್ಕೇ ಒಳ್ಳೆಯವನೇ?' ಎಂದುಕೊಂಡ. 'ಇವತ್ತೇ ನೋಡಿಬಿಡೋಣ.'

ಒಳ್ಳೆಯ ಕೆಲಸ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಅವನ ಅಂಗಡಿ, ಮನೆ ಎರಡೂ ನೆಲಮಟ್ಟದಲ್ಲಿದ್ದ ಎಂಟಂತಸ್ತಿನ ಕಲ್ಲುಕಟ್ಟಡಕ್ಕೆ ಇದ್ದದ್ದು ಒಂದೇ ಸುತ್ತು ಮೆಟ್ಟಿಲು. ಆರನೆಯ ಅಂತಸ್ತಿನಲ್ಲಿ ಎದುರುಬದುರು ಎರಡು ಬಾಗಿಲು. ಒಂದು ಪ್ರೊಫೆಸರರದು, ಇನ್ನೊಂದು ಸೈನ್ಯದ ಕ್ಯಾಪ್ಟನ್ ಒಬ್ಬರ ವಿಧವೆ ಲಿಲಿಯಸ್ ಅಮ್ಮನವರದು. ಮೂರು ದಿನದಿಂದ ಆಕೆಯ ಮನೆಗೆ ಇದ್ದಲು ಹೋಗಿರಲಿಲ್ಲ, ರೊಟ್ಟಿಯೂ ಹೋಗಿರಲಿಲ್ಲ. ಒಳಗಿನಿಂದ ಕೆಮ್ಮು ಮಾತ್ರ ಹೊರಗೆ ಬರುತ್ತಿತ್ತು. ಆದರೆ ಕೊಡುವುದು ಹೇಗೆ? ಹೋದ ತಿಂಗಳು ಮೀನು ಮಾರುವ ಬೆಥಿಯಾ ಎರಡು ಮೀನು ಕೊಟ್ಟು ಬಂದಿದ್ದಳು. ಅಮ್ಮನವರು ಅದನ್ನು ಅದೇ ತಟ್ಟೆಯಲ್ಲಿ, ಮೇಲೊಂದು ಬಿಡಿಕಾಸು ಇಟ್ಟು ಹಿಂದಕ್ಕೆ ಕಳಿಸಿದ್ದರು. ದಾನ ತೆಗೆದುಕೊಂಡರು ಎಂದು ನಾಲ್ಕು ಜನ ಆಡಿಕೊಳ್ಳುವುದಕ್ಕಿಂತ ಹಸಿವಿನಿಂದ ಸಾಯುವುದೇ ಅವರಿಗೆ ಲೇಸು.

ನಿನಿಯನ್‌ಗೆ ಆಕೆಯ ಋಣವಿತ್ತು. ಅವನು ಅಂಗಡಿ ಹಾಕಿದ ಮೊದಲನೆಯ ದಿನ ಮೊದಲು ಬಂದು ಕೂತವರು ಆಕೆಯ ಗಂಡ ಕ್ಯಾಪ್ಟನ್. ಕತ್ತಿ ಜಾರಿ ಅವರ ಕಿವಿಯ ತುದಿಯನ್ನೇ ಹಾರಿಸಿಬಿಟ್ಟಿದ್ದ. ಊರು ಬಿಟ್ಟು ಓಡಿಹೋಗಲು ಗಂಟು ಕಟ್ಟುತ್ತಿದ್ದಾಗ ಅಮ್ಮನವರು ಬಂದು, "ಯುದ್ಧದಲ್ಲಿ ಹೋಗದ ಕಿವಿ ಇಲ್ಲಿ ಹೋಯ್ತು, ಅಷ್ಟೇ. ನಾಳೆ ಇನ್ನೊಂದು ಕಿವಿ ಕಳಿಸ್ತೀನಿ, ಜೋಪಾನ," ಎಂದು ನಕ್ಕು ಹೋಗಿದ್ದರು. ಮರುದಿನ ಕ್ಯಾಪ್ಟನ್ ನಿಜಕ್ಕೂ ಬಂದರು. ಅವರನ್ನು ನೋಡಿ ಊರೂ ಬಂತು.

ಹೆಂಡತಿ ಗ್ರಿಜೆಲ್ ಬಾವಿಗೆ ಹೋದದ್ದನ್ನು ನೋಡಿ ನಿನಿಯನ್ ಒಲೆಯ ಮೇಲಿದ್ದ ಬಾರ್ಲಿ ಗಂಜಿಯನ್ನು, ಕುರಿಮಾಂಸದ ಒಳ್ಳೊಳ್ಳೆಯ ತುಂಡುಗಳ ಸಮೇತ, ಒಂದು ಹೊಸ ಮಣ್ಣಿನ ಗಡಿಗೆಗೆ ಬಗ್ಗಿಸಿದ. ಗಡಿಗೆಯನ್ನು ವಿಗ್ಗಿನ ಪೆಟ್ಟಿಗೆಯೊಳಗಿಟ್ಟು, ಅದರ ಮೇಲೊಂದು ಹಳೆಯ ವಿಗ್ಗು ಹೊದಿಸಿದ. ಗಂಜಿಗೆ ಚಳಿಯಾಗಬಾರದಲ್ಲ.

ಮೆಟ್ಟಿಲ ಬುಡದಲ್ಲೇ ಬೆಥಿಯಾ ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದಳು.

"ಏನಪ್ಪಾ ನಿನಿಯನ್, ಪೆಟ್ಟಿಗೆ ಹೊಗೆಯಾಡ್ತಿದೆ?"

"ಹೂಂ ಅಕ್ಕಾ. ಸುರುಳಿ ನಿಲ್ಲೋಕೆ ಕೂದಲನ್ನ ಕುದಿಸ್ತೀವಲ್ಲ, ಇನ್ನೂ ಬಿಸಿ."

"ಈರುಳ್ಳಿ ವಾಸನೆ?"

"ಸಿಪ್ಪೆ ಹಾಕ್ತೀವಿ, ಬಣ್ಣಕ್ಕೆ."

"ಬಾರ್ಲಿ?"

"ಅದು... ಕೂದಲು ಗಟ್ಟಿಯಾಗೋಕೆ."

"ಕುರಿ?"

"ಉಣ್ಣೆ ಬೆರೆಸಿದೀವಿ ಅಕ್ಕಾ!" ಎಂದವನೇ ಎರಡೆರಡು ಮೆಟ್ಟಿಲು ಹಾರಿದ.

ಮೂರನೆಯ ಅಂತಸ್ತಿನಲ್ಲಿ ದರ್ಜಿ ಹಾಗ್ ಬಾಗಿಲ ಬಳಿ ಬೆಳಕಿಗೆ ಕೂತು ಹೊಲಿಯುತ್ತಿದ್ದ. "ಯಾರಿಗೋ ಹೊಸ ವಿಗ್ಗು?"

"ಪ್ರೊಫೆಸರಿಗೆ."

"ಅವರು ಈಗ ತಾನೇ ಕಾಲೇಜಿಗೆ ಹೋದರಲ್ಲ, ತಲೆ ಮೇಲೆ ವಿಗ್ಗೂ ಇತ್ತು."

"ಇದು ಮಳೆಗಾಲದ್ದು," ಎಂದ ನಿನಿಯನ್. ಪೆಟ್ಟಿಗೆಯ ಮೂಲೆಯಿಂದ ದರ್ಜಿಯ ಮೊಣಕಾಲಿಗೆ ಒಂದು ಹನಿ ತೊಟ್ಟಿಕ್ಕಿತು. ದರ್ಜಿ ಅದನ್ನು ಬೆರಳಲ್ಲಿ ಒರೆಸಿ ನೆಕ್ಕಿ ನೋಡುವಷ್ಟರಲ್ಲಿ ವಿಗ್ಗಿನವನು ಮಾಯವಾಗಿದ್ದ.

ಆರನೆಯ ಅಂತಸ್ತಿನಲ್ಲಿ ಎರಡು ಬಾಗಿಲುಗಳ ನಡುವೆ ಗಡಿಗೆಯನ್ನಷ್ಟೇ ಪೆಟ್ಟಿಗೆಯಿಂದ ತೆಗೆದಿಟ್ಟು, ಅಮ್ಮನವರ ಕದ ತಟ್ಟಿ, ಯಾರೋ ಅಟ್ಟಿದ ಬೆಕ್ಕಿನಂತೆ ಕೆಳಕ್ಕೆ ಓಡಿದ. ಮೇಲೆ ಬಾಗಿಲು ತೆರೆದ ಸದ್ದು, ಗಡಿಗೆ ಒಳಗೆ ಹೋದ ಸದ್ದು ಕೇಳಿತು. ನಿನಿಯನ್‌ನ ಎದೆ ತುಂಬಿ ಬಂತು. ಯಾರಿಗೂ ಗೊತ್ತಿಲ್ಲ! ನಾಲ್ಕನೆಯ ಅಂತಸ್ತಿಗೆ ಬರುವಷ್ಟರಲ್ಲಿ, ಇದನ್ನು ನಾಳೆ ಪ್ರೊಫೆಸರಿಗೆ ಯಾವ ಮಾತಿನಿಂದ ಶುರುಮಾಡಿ ಹೇಳಲಿ ಎಂದು ಯೋಚಿಸತೊಡಗಿದ್ದ. ತಾನು ಯೋಚಿಸುತ್ತಿರುವುದೇನೆಂದು ಹೊಳೆದು ಅವನಿಗೇ ಕಿವಿ ಬಿಸಿಯಾಯಿತು.

ಮೂರು ಗಂಟೆಗೆ ಪಾದ್ರಿಗಳು ಬಂದರು. ಮೆಟ್ಟಿಲ ಬುಡದಲ್ಲಿ ಇಡೀ ಕಟ್ಟಡ ನೆರೆಯಿತು. ಕಾಲೇಜಿನಿಂದ ಮರಳಿದ ಪ್ರೊಫೆಸರೂ ಪುಸ್ತಕ ಕಂಕುಳಲ್ಲಿಟ್ಟು ಗುಂಪಿನ ಹಿಂದೆ ನಿಂತರು.

"ನಿನಿಯನ್ ಟುಲಕ್‌ನ ನಡತೆಯ ಬಗ್ಗೆ ಯಾರದಾದರೂ ತಕರಾರು ಉಂಟೇ?"

"ತಕರಾರಲ್ಲ ಪಾದ್ರಿಗಳೇ," ಎಂದಳು ಬೆಥಿಯಾ, "ಒಂದು ಅನುಮಾನ. ಕುರಿ ವಾಸನೆ ಬರೋ ವಿಗ್ಗು ಎಲ್ಲಾದರೂ ಉಂಟಾ?"

"ವಾಸನೆ ಮಾತ್ರ ಅಲ್ಲ, ರುಚಿನೂ ಕುರೀದೇ," ಎಂದ ದರ್ಜಿ. "ಪ್ರೊಫೆಸರ್ ಇಲ್ಲದ ಹೊತ್ತಲ್ಲಿ ಮೇಲೆ ಹೋದ. ವಾಪಸ್ ಓಡ್ತಾ ಬಂದ, ಬೆವರಿಳಿಸಿಕೊಂಡು."

"ಅಯ್ಯೋ, ನನ್ನ ಗಂಜಿ!" ಗ್ರಿಜೆಲ್ ಚೀರಿದಳು. "ಅರ್ಧ ಪಾತ್ರೆ ಖಾಲಿಯಾಗಿತ್ತು. ಬೆಕ್ಕು ಅಂದ್ಕೊಂಡು ಆ ಪಾಪದ ಪ್ರಾಣಿಗೆ ಪೊರಕೇಲಿ ಬಾರಿಸಿದೆನಲ್ಲಾ! ಯಾರಿಗ್ರೀ ಕೊಟ್ಟಿರಿ? ಬಾಯಿ ಬಿಡ್ರೀ!"

ಎಲ್ಲರ ಕಣ್ಣೂ ನಿನಿಯನ್‌ನ ಮೇಲೆ. ಒಂದು ಮಾತು ಹೇಳಿದರೆ ಸಾಕು. ತಕರಾರು ಕರಗಿ ಭೇಷ್ ಎನ್ನಿಸಿಕೊಳ್ಳುತ್ತಾನೆ, ಕರಿ ಕೋಟು, ತಟ್ಟೆಯ ಪಕ್ಕದ ಜಾಗ ಎರಡೂ ಅವನದೇ. ಆದರೆ ಆ ಒಂದು ಮಾತಿಗೆ ಲಿಲಿಯಸ್ ಅಮ್ಮನವರು ಈ ಮೆಟ್ಟಿಲಲ್ಲಿ ಮತ್ತೆಂದೂ ತಲೆಯೆತ್ತಿ ಇಳಿಯುವುದಿಲ್ಲ.

"ನಾನೇ ಕುಡಿದೆ," ಎಂದ ನಿನಿಯನ್.

"ಅರ್ಧ ಪಾತ್ರೇನಾ?" ಎಂದರು ಪಾದ್ರಿಗಳು.

"ಹಸಿವಾಗಿತ್ತು. ಇವಳಿಗೆ ಹೆದರಿ ಪೆಟ್ಟಿಗೇಲಿ ಬಚ್ಚಿಟ್ಕೊಂಡು ಮೆಟ್ಟಿಲ ಮೇಲೆ ಕೂತು ಕುಡಿದೆ."

ಪಾದ್ರಿಗಳು ಮೂಗಿನ ಕೊನೆಯವರೆಗೂ ಬೇಸರಪಟ್ಟರು. "ಹೊಟ್ಟೆಬಾಕತನ. ಅದರ ಮೇಲೆ ಸುಳ್ಳು. ಅದೂ ಕಟ್ಟಿಕೊಂಡ ಹೆಂಡತಿಯ ಹತ್ತಿರ ಕಳ್ಳತನ. ಕಾಣಿಕೆ ತಟ್ಟೆಯ ಪಕ್ಕ ನಿಲ್ಲಿಸೋಕೆ ಇಂಥವನು ಸಿಕ್ಕಿದನಲ್ಲಪ್ಪ!"

ಆಗ ಮೇಲಿನಿಂದ ಊರುಗೋಲಿನ ಸದ್ದು ಕೇಳಿತು. ರೇಷ್ಮೆಯ ಕೈಗವಸು ತೊಟ್ಟು, ಒಂದೊಂದೇ ಮೆಟ್ಟಿಲು ಇಳಿದು ಲಿಲಿಯಸ್ ಅಮ್ಮನವರು ಬಂದರು. ಕೆನ್ನೆಗೆ ಸ್ವಲ್ಪ ಬಣ್ಣ ಬಂದಿತ್ತು. ಗುಂಪು ದಾರಿ ಬಿಟ್ಟಿತು. ಅವರು ನಿನಿಯನ್‌ನ ಮುಂದೆಯೇ ಹಾದು, ನೇರವಾಗಿ ಪ್ರೊಫೆಸರರ ಬಳಿ ನಿಂತು ಮೊಣಕಾಲು ಬಗ್ಗಿಸಿ ವಂದಿಸಿದರು.

"ಪ್ರೊಫೆಸರ್, ತಾವು ಕಳಿಸಿದ ಭಕ್ಷ್ಯ ತಲುಪಿತು. ದೊಡ್ಡ ಮನೆತನಗಳಲ್ಲಿ ನೆರೆಯವರು ಒಬ್ಬರಿಗೊಬ್ಬರು ಹೀಗೆ ಕಳಿಸೋ ಪದ್ಧತಿ ನಮ್ಮ ತಂದೆಯವರ ಕಾಲದಲ್ಲಿತ್ತು. ಈ ಕಟ್ಟಡದಲ್ಲಿ ಅದು ಗೊತ್ತಿರೋರು ಒಬ್ಬರಾದರೂ ಇದ್ದೀರಲ್ಲ, ಸಂತೋಷ. ನಮ್ಮಿಬ್ಬರ ಬಾಗಿಲ ನಡುವೆ ಇಟ್ಟು ಮಾತಿಲ್ಲದೆ ಹೋದಿರಿ. ಅದು ಇನ್ನೂ ದೊಡ್ಡದು."

ಪ್ರೊಫೆಸರರ ಬಾಯಿ ತೆರೆಯಿತು. "ಅಮ್ಮಾ, ಅದು... ನಾನು..." ಅವರ ಕಣ್ಣು ನಿನಿಯನ್‌ನ ಕಡೆ ಹೋಯಿತು. ನಿನಿಯನ್ ಬೇಡ ಬೇಡ ಎಂಬಂತೆ ತಲೆಯಲ್ಲಾಡಿಸಿದ. ಕ್ಷೌರಿಕ ಕೊಟ್ಟದ್ದೆಂದರೆ ಅದು ದಾನ, ಪ್ರೊಫೆಸರು ಕೊಟ್ಟದ್ದೆಂದರೆ ಮರ್ಯಾದೆ. ಪ್ರೊಫೆಸರಿಗೆ ಎಲ್ಲ ಅರ್ಥವಾಯಿತು. ಅಷ್ಟರಲ್ಲಿ ಬೆಥಿಯಾ ಏಪ್ರನ್ನಿನ ತುದಿಯಲ್ಲಿ ಕಣ್ಣೊರೆಸಿಕೊಂಡಳು, ದರ್ಜಿ ಟೋಪಿ ತೆಗೆದ. ಇಪ್ಪತ್ತು ವರ್ಷದಲ್ಲಿ ಈ ಕಟ್ಟಡ ಅವರನ್ನು ಹಾಗೆ ನೋಡಿರಲಿಲ್ಲ. ಪ್ರೊಫೆಸರು ಬಾಯಿ ಮುಚ್ಚಿ, ಮೆಲ್ಲಗೆ ತಲೆ ಬಾಗಿಸಿದರು.

"ನಾವು ಇವರನ್ನ ನಾಸ್ತಿಕರು ಅಂದುಕೊಂಡಿದ್ದೆವು!" ಪಾದ್ರಿಗಳು ಪ್ರೊಫೆಸರರ ಕೈ ಹಿಡಿದುಕೊಂಡರು. "ಒಬ್ಬ ತನ್ನ ಮನೆಯ ಗಂಜಿಯನ್ನೇ ಕದ್ದು ಕುಡಿಯೋವಾಗ ಇನ್ನೊಬ್ಬರು ಸದ್ದಿಲ್ಲದೆ ನೆರೆಯವರನ್ನು ನೆನೆದರು. ಇನ್ನು ಹುಡುಕೋದೇನಿದೆ? ಹಿರಿಯರ ಜಾಗ ಪ್ರೊಫೆಸರರದ್ದೇ. ಯಾರದಾದರೂ ತಕರಾರು ಉಂಟೇ?"

ಯಾರದೂ ಇರಲಿಲ್ಲ. "ಇಲ್ಲ," ಎಂದು ಮೊದಲು ಹೇಳಿದವನು ನಿನಿಯನ್.

ಗುಂಪು ಚದುರಿದ ಮೇಲೆ ಪ್ರೊಫೆಸರು ಅವನ ತೋಳು ಹಿಡಿದು ಅಂಗಡಿಯೊಳಗೆ ಎಳೆದರು. "ನನ್ನ ಮೂರು ಅಧ್ಯಾಯಾನೂ ನಿಜ ಅಂತ ನಾನೇ ತೋರಿಸಿಬಿಟ್ಟೆ ಕಣಯ್ಯ. ಇಷ್ಟು ನಾಚಿಕೆ ಆಗುತ್ತೆ ಅಂತ ಮಾತ್ರ ಬರೆದಿರಲಿಲ್ಲ."

"ಬರೀರಿ ಸ್ವಾಮಿ, ನಾಲ್ಕನೇ ಅಧ್ಯಾಯ."

"ಇನ್ನು ದಿನಾ ಕಳಿಸದೆ ಬಿಡೋ ಹಾಗಿಲ್ಲ. ಇಡೀ ಮೆಟ್ಟಿಲೇ ನೋಡ್ತಿರುತ್ತೆ."

"ಅದಕ್ಕೇ ಸ್ವಾಮಿ ನಾನೂ ತಕರಾರು ಇಲ್ಲ ಅಂದದ್ದು," ಎಂದ ನಿನಿಯನ್.

ಸಂಜೆ ಗ್ರಿಜೆಲ್ ಅವನ ಮುಂದೆ ಒಣ ಓಟ್ಸ್ ರೊಟ್ಟಿಯ ಒಂದು ತುಂಡು ಇಟ್ಟಳು. ಬೆಳಗಿನಿಂದ ಅವನ ಹೊಟ್ಟೆಗೆ ನೀರು ಬಿಟ್ಟರೆ ಏನೂ ಬಿದ್ದಿರಲಿಲ್ಲ.

"ಗಂಜಿ?"

"ನಿಮ್ಮ ಪಾಲು ಮಧ್ಯಾಹ್ನವೇ ಮುಗೀತಲ್ಲ! ಕೇಳಿ ಇಲ್ಲಿ. ಪ್ರೊಫೆಸರು ಬಂದಿದ್ದರು. ಚಳಿಗಾಲ ಮುಗಿಯೋ ತನಕ ಆ ಅಮ್ಮಾವ್ರಿಗೆ ದಿನಾ ಗಂಜಿ ಮಾಡಿಕೊಡಬೇಕಂತೆ. ಮಾಂಸ, ಇದ್ದಲು ಎಲ್ಲ ಅವರೇ ತರಿಸ್ತಾರಂತೆ. ಹೊತ್ತುಕೊಂಡು ಹೋಗೋದು ನೀವು. ದಾರೀಲಿ ಬಾಯಿ ಹಾಕೀರಿ ಮತ್ತೆ! ಬೆಥಿಯಾ ಕೆಳಗಿಂದ ಕಣ್ಣಿಟ್ಟಿರ್ತಾಳೆ, ದರ್ಜಿ ಮೂರನೇ ಅಂತಸ್ತಲ್ಲಿ ಮುಚ್ಚಳ ತೆಗೆದು ಅಳತೆ ನೋಡ್ತಾನೆ." ಅವಳು ನಿಟ್ಟುಸಿರಿಟ್ಟಳು. "ಅಂಥವರ ಗಡ್ಡ ಹೆರೆಯೋ ಭಾಗ್ಯವಾದರೂ ನಿಮಗಿದೆಯಲ್ಲ. ಅದಕ್ಕಾದರೂ ದೇವರಿಗೆ ವಂದನೆ ಹೇಳಿ ತಿನ್ನಿ."

ನಿನಿಯನ್ ಕೈಮುಗಿದು ಕಣ್ಣು ಮುಚ್ಚಿದ. ಮೊದಲು ಆ ಕೆನ್ನೆಯ ಬಣ್ಣಕ್ಕೆ ವಂದನೆ ಹೇಳಿದ. ನಾಳೆ ಆರನೆಯ ಅಂತಸ್ತಿಗೆ ಹೋಗುವ ಇದ್ದಲಿಗೆ, ಕೆಟ್ಟ ಕಾಲದಲ್ಲಿ ಬಾಗಿಲಿಗೆ ಬಂದ ಎರಡನೆಯ ಕಿವಿಗೆ, ಭೇಷ್ ಎನ್ನಿಸಿಕೊಳ್ಳುವ ಆಸೆಯನ್ನು ಪ್ರೊಫೆಸರರೊಳಗೆ ಅಷ್ಟು ಧಾರಾಳವಾಗಿ ಇಟ್ಟದ್ದಕ್ಕೆ, ತನ್ನೊಳಗೂ ಸ್ವಲ್ಪ ಇಟ್ಟದ್ದಕ್ಕೆ, ಕದ್ದವನ ಮುಂದೆಯೂ ರೊಟ್ಟಿ ಇಡುವ ಹೆಂಡತಿಗೆ...

"ಒಣ ರೊಟ್ಟಿಗೆ ಇಷ್ಟುದ್ದ ಪ್ರಾರ್ಥನೆ ಯಾಕ್ರೀ?" ಎಂದಳು ಗ್ರಿಜೆಲ್.

ನಿನಿಯನ್ ಕಣ್ಣು ತೆರೆಯಲಿಲ್ಲ. ಅವನದಿನ್ನೂ ಮುಗಿದಿರಲಿಲ್ಲ.