ಅರ್ಧ ಪೇರ್ ಹಣ್ಣಿನ ಇತ್ಯರ್ಥ

ಹೊರದೇಶದಿಂದ ಬಂದ ಗಂಡ ತನ್ನ ಅಮೆರಿಕನ್ ಹೆಂಡತಿಯನ್ನು ಪ್ರೀತಿಸುತ್ತಾನೋ ಇಲ್ಲವೋ ಎಂಬುದನ್ನು ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿ ಸರ್ಕಾರ ನಿರ್ಧರಿಸುತ್ತದೆ. ಈ ಉದ್ದೇಶಕ್ಕಾಗಿಯೇ ಅಲ್ಲಿ ದಾಂಪತ್ಯ ಪ್ರೀತಿ ದೃಢೀಕರಣ ಕಚೇರಿ ಸ್ಥಾಪನೆಯಾಗಿದೆ. ಊಟದ ವೇಳೆಯಲ್ಲಿ ಅಲ್ಲಿ ಪ್ರೀತಿಯನ್ನು ಸ್ವೀಕರಿಸುವುದಿಲ್ಲ.

ನಾನು ಆ ಕಚೇರಿಯ ಚೀನೀ ದುಭಾಷಿ. ಹೆಸರು ಚಿಯು ಮೇಯುನ್. ಆಡಿದ ಮಾತನ್ನು ಪದಕ್ಕೆ ಪದ ಹೇಳತಕ್ಕದ್ದು, ವಿವರಣೆ ಕೊಡತಕ್ಕದ್ದಲ್ಲ, ನಗತಕ್ಕದ್ದಲ್ಲ ಎಂದು ಕೈಯೆತ್ತಿ ಪ್ರಮಾಣ ಮಾಡಿದ್ದೇನೆ. ನನಗಿಂತ ಮುಂಚೆ ಇದ್ದವರು ಒಮ್ಮೆ ವಿವರಣೆ ಕೊಟ್ಟರು. ಆದ್ದರಿಂದಲೇ ನನಗೆ ಈ ಕೆಲಸ ಸಿಕ್ಕಿತು.

ಚೀನಾದ ವೆಂಜೌ ಊರಿನ ಶೆನ್ ಯೊಂಗ್‌ಫು ಲಿಫ್ಟ್ ರಿಪೇರಿ ಮಾಡುವವನು. ಹೆಂಡತಿ ಡಾರ್ಲೀನ್ ಬಫಲೋ ಕಡೆಯವಳು, ಶಾಲೆಯ ಬಸ್ಸು ಓಡಿಸುತ್ತಾಳೆ. ಇವರ ಮದುವೆಯಲ್ಲಿ ಪ್ರೀತಿ ಇದೆ ಎಂದು ಕಚೇರಿ ಒಪ್ಪಿದರೆ ಶೆನ್ ಇಲ್ಲಿರಬಹುದು. ಒಪ್ಪದಿದ್ದರೆ ಅವನನ್ನು ವಿಮಾನ ಹತ್ತಿಸಿ ವೆಂಜೌಗೆ ಕಳಿಸುತ್ತಾರೆ. ಡಾರ್ಲೀನ್ ಬಸ್ಸು ಓಡಿಸಿಕೊಂಡು ಇಲ್ಲೇ ಇರಬಹುದು, ಅದಕ್ಕೆ ಕಚೇರಿಯ ಆಕ್ಷೇಪವಿಲ್ಲ.

ವಿಚಾರಣೆ ನಡೆಸಿದವರು ಅಧಿಕಾರಿ ಟಾಡ್ ಹಾಲ್ವರ್ಸನ್. ಬಹಳ ಪ್ರೀತಿಯ ಮನುಷ್ಯ. ಹೆಂಡತಿಯ ಜೊತೆ ಮಾತಾಡಿ ಫೋನ್ ಇಡುವಾಗಲೆಲ್ಲ ‘ಐ ಲವ್ ಯೂ’ ಎನ್ನುತ್ತಾರೆ. ಆ ಅಭ್ಯಾಸ ನಾಲಿಗೆಗೆ ಹತ್ತಿಬಿಟ್ಟಿದ್ದರಿಂದ ಒಮ್ಮೆ ಗ್ಯಾಸ್ ಕಂಪನಿಯವನಿಗೂ ಅಂದದ್ದುಂಟು. ಆ ಕಡೆಯವನು ‘ಲವ್ ಯೂ ಟೂ’ ಎಂದು ಫೋನ್ ಇಟ್ಟನಂತೆ.

“ನಿಮ್ಮ ಹೆಂಡತಿಗೆ ಕೊನೇ ಸಲ ‘ಐ ಲವ್ ಯೂ’ ಅಂದಿದ್ದು ಯಾವಾಗ, ಶೆನ್ ಅವರೇ?”

ಶೆನ್‌ನ ಕಿವಿ ಕೆಂಪಾಯಿತು. “ಥೂ, ಅದನ್ನೆಲ್ಲ ಯಾರು ಅಂತಾರೆ? ನಾವೇನು ಸಿನಿಮಾದವ್ರಾ?”

“ಮತ್ತೆ ಪ್ರೀತಿ ಬಂದಾಗ ಏನಂತೀರಿ?”

“ಊಟ ಆಯ್ತಾ ಅಂತೀನಿ.”

“ಆಮೇಲೆ?”

“ಆಗಿಲ್ಲ ಅಂದ್ರೆ ಬೈತೀನಿ. ಚಳಿಗಾಲ ಬಂದ್ರೆ ಪ್ಯಾಂಟಿನೊಳಗೆ ಉಣ್ಣೆ ಚಲ್ಲಣ ಹಾಕ್ಕೋ ಅಂತೀನಿ. ಬಿಸಿನೀರು ಕುಡಿ ಅಂತೀನಿ. ಸಂಜೆ ಹಣ್ಣು ಹೆಚ್ಚಿ ತಟ್ಟೇಲಿಡ್ತೀನಿ. ನಮ್ಮ ಲಾವ್‌ಪೋ ಟಿವಿ ನೋಡ್ತಾ ತಿಂತಾಳೆ.”

ಲಾವ್‌ಪೋ ಎಂದರೆ ಹೆಂಡತಿ. ಚೀನಾದ ಅರ್ಧ ಜನ ಹೆಂಡತಿಯನ್ನು ಹಾಗೇ ಕರೆಯುತ್ತಾರೆ. ಆದರೆ ಪದಕ್ಕೆ ಪದ ಹೇಳಿದರೆ ‘ಹಳೇ ಮುದುಕಿ’ ಎಂದಾಗುತ್ತದೆ. ನಾನು ಪ್ರಮಾಣ ಮಾಡಿದವಳು. ಹಳೇ ಮುದುಕಿ ಎಂದೇ ಹೇಳಿದೆ. ಡಾರ್ಲೀನ್‌ಗೆ ಇನ್ನೂ ನಲವತ್ತಾಗಿರಲಿಲ್ಲ.

ಹಾಲ್ವರ್ಸನ್ ಮರುಕದಿಂದ ಅವಳ ಕಡೆ ತಿರುಗಿದರು. “ನೀವು ಇವರನ್ನ ಏನಂತ ಕರೀತೀರಮ್ಮ?”

“ಸ್ಸ್ ಗ್ವೇ,” ಎಂದಳು ಡಾರ್ಲೀನ್ ಹೆಮ್ಮೆಯಿಂದ. “ನಮ್ಮತ್ತೆ ಫೋನಲ್ಲಿ ಹೇಳ್ಕೊಟ್ರು. ಅವರು ಮಾವನ್ನ ಹಾಗೇ ಕರೆಯೋದಂತೆ. ಮುದ್ದಾಗಿದೆ ಅಲ್ವಾ?”

ಅರ್ಥವೇನೆಂದು ಹಾಲ್ವರ್ಸನ್ ನನ್ನನ್ನು ಕೇಳಿದರು. ‘ಸತ್ತ ದೆವ್ವ’ ಎಂದೆ.

ಗಂಡ ಹೆಂಡತಿಯನ್ನು ಮುದುಕಿ ಎನ್ನುತ್ತಾನೆ, ಹೆಂಡತಿ ಗಂಡನನ್ನು ಸತ್ತ ದೆವ್ವ ಎನ್ನುತ್ತಾಳೆ, ಇವರ ನಡುವೆ ಹೆಚ್ಚಿದ ಹಣ್ಣಿನ ಹೊರತು ಯಾವ ಸಂಬಂಧವೂ ಕಂಡುಬಂದಿಲ್ಲ ಎಂದು ಅಂದೇ ವರದಿಯಾಯಿತು. ಶೆನ್‌ಗೆ ವಿಮಾನದ ದಿನ ಗೊತ್ತು ಮಾಡುವುದೊಂದು ಬಾಕಿ.

ಅಷ್ಟರಲ್ಲಿ ಕಚೇರಿಯಲ್ಲಿ ಸಂಸ್ಕೃತಿ ಸಂವೇದನಾ ಸಪ್ತಾಹ ಬಂತು. ನಿರ್ದೇಶಕಿ ಪ್ರೆಸ್ಕಾಟ್ ಮೇಡಂ ಅವರಿಗೆ ಸಪ್ತಾಹದೊಳಗೆ ಯಾವುದಾದರೂ ಒಂದು ಸಂಸ್ಕೃತಿಗೆ ಸಂವೇದನೆ ತೋರಿಸಲೇಬೇಕಿತ್ತು. ಅವರ ಸುತ್ತೋಲೆ ಹೀಗಿತ್ತು: “ಚೀನೀ ಮೂಲದ ಅರ್ಜಿದಾರರು ಪ್ರೀತಿಯನ್ನು ಬಾಯಿಂದ ವ್ಯಕ್ತಪಡಿಸದೆ ಹಣ್ಣಿನಿಂದ ವ್ಯಕ್ತಪಡಿಸುವುದು ಕಚೇರಿಯ ಗಮನಕ್ಕೆ ಬಂದಿರುತ್ತದೆ. ಆದಕಾರಣ ಅಂಥವರು ಅಧಿಕಾರಿಯ ಸಮಕ್ಷಮದಲ್ಲಿ ಹಣ್ಣಿನ ಸಿಪ್ಪೆ ತೆಗೆದು, ಸರಿಯಾಗಿ ಎರಡು ಭಾಗ ಮಾಡಿ, ಒಂದನ್ನು ಹೆಂಡತಿಗೆ ತಿನ್ನಿಸಿ ಇನ್ನೊಂದನ್ನು ತಾವು ತಿನ್ನತಕ್ಕದ್ದು. ಹಾಗೆ ತಿಂದಲ್ಲಿ ಪ್ರೀತಿ ಇದೆಯೆಂದು ಭಾವಿಸಲಾಗುವುದು. ಸರ್ಕಾರಿ ಕಟ್ಟಡದೊಳಗೆ ಚಾಕುವನ್ನು ನಿಷೇಧಿಸಿರುವುದರಿಂದ ಪ್ಲಾಸ್ಟಿಕ್ ಚಮಚ ಒದಗಿಸಲಾಗುವುದು.”

ಹಣ್ಣು ಒದಗಿಸುವ ಗುತ್ತಿಗೆಯನ್ನು ಬಹಿರಂಗ ಸ್ಪರ್ಧೆಯಲ್ಲಿ ಮೇಡಂ ಅವರ ಮೈದುನ ಗೆದ್ದರು. ಸ್ಪರ್ಧೆ ಇದೆಯೆಂಬುದು ಅವರೊಬ್ಬರಿಗೇ ತಿಳಿದಿದ್ದರಿಂದ ಆಯ್ಕೆ ಸುಲಭವಾಯಿತು. ಅವರ ತೋಟದಲ್ಲಿ ಬೆಳೆಯುತ್ತಿದ್ದುದು ಪೇರ್ ಹಣ್ಣು ಮಾತ್ರ.

ನಾನು ಸಭೆಯಲ್ಲಿ ಎದ್ದು ನಿಂತೆ. “ಮೇಡಂ, ಪೇರ್ ಹಣ್ಣು ಬೇಡ. ಬೇರೆ ಯಾವುದಾದ್ರೂ ಆಗಲಿ.”

“ಯಾಕೆ?”

“ಅದಕ್ಕೆ ಸ್ವಲ್ಪ ವಿವರಣೆ ಕೊಡಬೇಕಾಗುತ್ತೆ.”

“ವಿವರಣೆ ಕೊಡೋಕೆ ನಿಮಗೆ ಅಧಿಕಾರ ಇದೆಯಾ?”

“ಇಲ್ಲ ಮೇಡಂ.”

“ಹಾಗಾದ್ರೆ ಕೂತ್ಕೊಳ್ಳಿ.”

ಕೂತೆ. ಅಲ್ಲಿ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ನಮ್ಮ ಭಾಷೆಯಲ್ಲಿ ಪೇರ್ ಹಣ್ಣಿಗೆ ‘ಲೀ’ ಎನ್ನುತ್ತಾರೆ. ಪೇರ್ ಹಂಚಿಕೊಳ್ಳುವುದು ‘ಫನ್ ಲೀ’. ಗಂಡ ಹೆಂಡತಿ ಅಗಲುವುದಕ್ಕೂ ‘ಫನ್ ಲೀ’ ಎಂದೇ ಉಚ್ಚಾರ. ಹೀಗಾಗಿ ಚೀನಾದ ಯಾವ ಗಂಡನೂ ಹೆಂಡತಿಯ ಜೊತೆ ಒಂದು ಪೇರ್ ಹಂಚಿಕೊಂಡು ತಿನ್ನುವುದಿಲ್ಲ. ದಿನವಿಡೀ ಪಾತ್ರೆ ಎಸೆದಾಡಿ ಜಗಳವಾಡುತ್ತಿದ್ದ ನಮ್ಮ ಚಿಕ್ಕಪ್ಪ ಚಿಕ್ಕಮ್ಮ ಕೂಡ ಪೇರ್ ತಿನ್ನುವಾಗ ಆಳಿಗೊಂದು ಹಣ್ಣು ಹಿಡಿದುಕೊಂಡು ಕೂರುತ್ತಿದ್ದರು.

ಪರೀಕ್ಷೆಯ ದಿನ ಶೆನ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಹಣ್ಣು ಎಂದು ಕೇಳಿ ಅವನಿಗೆ ಸಮಾಧಾನವಾಗಿತ್ತು. ಮೇಜಿನ ಮೇಲೆ ಪೇರ್ ಕಂಡಾಗ ಮುಖ ಸಣ್ಣದಾಯಿತು. ಆದರೂ ಪ್ಲಾಸ್ಟಿಕ್ ಚಮಚದಲ್ಲಿ ಕೆರೆದು ಕೆರೆದು ಸಿಪ್ಪೆ ತೆಗೆದ. ಇಡೀ ಹಣ್ಣನ್ನು ಡಾರ್ಲೀನ್ ಮುಂದಿಟ್ಟು, “ತಿನ್ನು” ಎಂದ.

“ಅರ್ಧ ಮಾಡಿ,” ಎಂದರು ಹಾಲ್ವರ್ಸನ್.

“ಇಡೀದು ಅವಳಿಗೇ ಇರಲಿ.”

“ನಿಯಮದಲ್ಲಿ ಅರ್ಧ ಅಂತ ಇದೆ. ಇಡೀ ಹಣ್ಣು ಕೊಟ್ರೆ ಅದು ಪ್ರೀತಿ ಅಲ್ಲ, ಹಣ್ಣು ಸರಬರಾಜು.”

“ಹಂಚಿದ್ರೆ ಅಗಲ್ತೀವಿ ಸಾರ್.”

ನಾನು ಅದನ್ನೂ ಪದಕ್ಕೆ ಪದ ಹೇಳಿದೆ. ‘ಹೆಂಡತಿಗೆ ಅರ್ಧ ಹಣ್ಣು ಕೊಡಬೇಕಾದರೆ ಬಿಟ್ಟುಹೋಗುವುದಾಗಿ ಅರ್ಜಿದಾರನು ಬೆದರಿಸಿದನು’ ಎಂದು ಹಾಲ್ವರ್ಸನ್ ಬರೆದುಕೊಂಡರು.

ಡಾರ್ಲೀನ್‌ಗೆ ತಾಳ್ಮೆ ತಪ್ಪಿತು. “ಅಯ್ಯೋ ಸತ್ತ ದೆವ್ವ, ಕತ್ತರಿಸೋ! ಒಂದು ಹಾಳು ಹಣ್ಣಿಗೋಸ್ಕರ ನಿನ್ನ ವಿಮಾನ ಹತ್ತಿಸ್ತಾರೆ ಕಣೋ!”

“ಹತ್ತಿಸಲಿ ಬಿಡು,” ಎಂದ ಶೆನ್. “ವಿಮಾನ ಹತ್ತಿ ಹೋದೋನು ವಾಪಸ್ ಬರಬಹುದು. ಪೇರ್ ಹಂಚಿಕೊಂಡ್ರೆ ಬರೋಕಾಗಲ್ಲ.”

ಅನುವಾದಿಸುವಾಗ ನನ್ನ ದನಿ ಸ್ವಲ್ಪ ನಡುಗಿತು. ನಡುಗಬಾರದೆಂಬ ನಿಯಮ ಇಲ್ಲ, ಹುಡುಕಿ ನೋಡಿದ್ದೇನೆ. ಡಾರ್ಲೀನ್ ಗಂಡನನ್ನೇ ನೋಡುತ್ತಾ ಕೂತಳು. ಆಮೇಲೆ ತಟ್ಟೆಯನ್ನು ಹಿಂದಕ್ಕೆ ತಳ್ಳಿ, ಕಣ್ಣೊರೆಸಿಕೊಳ್ಳುತ್ತಾ ಹೇಳಿದಳು: “ನಂಗೂ ಅರ್ಧ ಬೇಡ ಸಾರ್. ಏನು ಬರ್ಕೋತೀರೋ ಬರ್ಕೊಳ್ಳಿ.”

ಇದು ಸಮಸ್ಯೆಯಾಯಿತು. ಹಣ್ಣು ಭಾಗವಾದರೆ ಪ್ರೀತಿ ಇದೆ. ಭಾಗವಾಗದಿದ್ದರೆ? ಸುತ್ತೋಲೆಯಲ್ಲಿ ಆ ಮಾತೇ ಇರಲಿಲ್ಲ. ಪ್ರೆಸ್ಕಾಟ್ ಮೇಡಂ ಕಾನೂನು ವಿಭಾಗವನ್ನು ವಿಚಾರಿಸಿ ಅಂತಿಮ ಆದೇಶ ಹೊರಡಿಸಿದರು: ಹಣ್ಣು ಭಾಗವಾಗುವವರೆಗೆ ಪರೀಕ್ಷೆ ಮುಗಿದಂತಲ್ಲ, ಪರೀಕ್ಷೆ ಮುಗಿಯುವವರೆಗೆ ಅರ್ಜಿದಾರನನ್ನು ದೇಶದಿಂದ ಕಳಿಸುವಂತಿಲ್ಲ. ದಂಪತಿಗಳು ಪ್ರತಿ ತಿಂಗಳು ಒಟ್ಟಿಗೆ ಹಾಜರಾಗಿ, ಹೊಸ ಪೇರ್ ಹಣ್ಣನ್ನು ಹಂಚಿಕೊಳ್ಳಲು ನಿರಾಕರಿಸತಕ್ಕದ್ದು.

ಈಗ ಫ್ಲಶಿಂಗ್‌ನ ಚೀನೀ ಗಂಡಂದಿರೆಲ್ಲ ಇದನ್ನೇ ಅನುಸರಿಸುತ್ತಿದ್ದಾರೆ. ಮಕ್ಕಳು ಮರಿ ಕಟ್ಟಿಕೊಂಡು ಬಂದು, ಶಿಸ್ತಾಗಿ ಸಾಲಿನಲ್ಲಿ ನಿಂತು, ನಿರಾಕರಿಸಿ ಮನೆಗೆ ಹೋಗುತ್ತಾರೆ. ಯಾರೂ ಮುಟ್ಟದ ಹಣ್ಣು ಸಂಜೆ ಮೈದುನರ ಲಾರಿ ಹತ್ತುತ್ತದೆ, ಮರುದಿನ ಹೊಸ ಹಣ್ಣಾಗಿ ಕಚೇರಿಗೆ ಬರುತ್ತದೆ. ಎಲ್ಲರಿಗೂ ಅನುಕೂಲವಾಗಿದೆ.

ಹಾಲ್ವರ್ಸನ್ ಅವರಿಗೆ ಮಾತ್ರ ಸ್ವಲ್ಪ ತೊಂದರೆಯಾಯಿತು. ಆ ಮೊದಲ ಹಣ್ಣು ಯಾಕೆ ಹಾಳಾಗಬೇಕೆಂದು ಅವರು ಅದನ್ನು ಮನೆಗೆ ಒಯ್ದು ಹೆಂಡತಿಯ ಜೊತೆ ಅರ್ಧರ್ಧ ತಿಂದರು. ಆಕೆ ತನ್ನ ಅರ್ಧ ಮುಗಿಸಿ, ‘ಐ ಲವ್ ಯೂ’ ಎಂದು ಹೇಳಿ, ಪೆಟ್ಟಿಗೆ ಕಾರಿಗೆ ಹಾಕಿಕೊಂಡು ಅಕ್ಕನ ಮನೆಗೆ ಹೋದವರು ಇನ್ನೂ ಬಂದಿಲ್ಲ. ಇದಕ್ಕೂ ಹಣ್ಣಿಗೂ ಸಂಬಂಧವಿಲ್ಲವೆಂದು ಕಚೇರಿ ಸ್ಪಷ್ಟಪಡಿಸಿದೆ.

ಹೋದ ಸಲ ಶೆನ್ ದಂಪತಿ ಎಂದಿನಂತೆ ನಿರಾಕರಿಸಿ ಎದ್ದರು. ಡಾರ್ಲೀನ್ ಕಾಲನ್ನು ಒಮ್ಮೆ ನೋಡಿ ಶೆನ್, “ಉಣ್ಣೆ ಚಲ್ಲಣ ಹಾಕಿಲ್ಲ ಅಲ್ವಾ ನೀನು?” ಎಂದು ಗದರಿದ. ಬಾಗಿಲವರೆಗೆ ಹೋದವನು ತಿರುಗಿ ನಿಂತ. ಹಾಲ್ವರ್ಸನ್ ಅವರ ಅಂಗಿಯ ಕಾಲರು ಸಡಿಲವಾಗಿತ್ತು, ಗಡ್ಡ ಬೆಳೆದಿತ್ತು.

“ಸಾರ್,” ಎಂದ ಶೆನ್, “ಊಟ ಆಯ್ತಾ?”

ನಾನು ಪದಕ್ಕೆ ಪದ ಅನುವಾದಿಸಿದೆ. ವಿವರಣೆ ಕೊಡಲಿಲ್ಲ.

ಹಾಲ್ವರ್ಸನ್ ಪೆನ್ನು ಕೆಳಗಿಟ್ಟರು. “ಐ ಲವ್ ಯೂ ಟೂ” ಎಂದರು.